ಡಿಗ್ರಿ ಮೊದಲ ವರ್ಷದಲ್ಲಿ ‘ಸಂಸ್ಕೃತಿಗಳ ಮುಖಾಮುಖಿ’ಯ ಕಾದಂಬರಿಯನ್ನು ಹೇಗೆ ಓದಬೇಕು?

ನೈಜೀರಿಯಾದ ಇಗ್ಬೊ ಜನರ ಬಗ್ಗೆ ಅಲ್ಲಿನವನೇ ಆದ ಚಿನುವಾ ಅಚಿಬೆ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಪಠ್ಯಕ್ಕಿದೆ, ‘ಬಿಳಿಯರು ಬಂದರು, ಇಗ್ಬೊ ಸಂಸ್ಕೃತಿ ಹಾಳಾಯಿತು’ ಎಂದು ಬರೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಕೋಲಾರದ ಕಾಲೇಜೊಂದರಲ್ಲಿ ಏಳೆಂಟು ಬ್ಯಾಚಿಗೆ ಇದೇ ಕಾದಂಬರಿ ಪಾಠ ಮಾಡಿದ್ದೇನೆ. ಪೇಪರ್ ತಿದ್ದುವಾಗ ಆ ಒಂದು ಸಾಲು ಕಂಡರೆ ಈಗಲೂ ಸಂಕಟವಾಗುತ್ತದೆ.

ಮೊದಲನೆಯದಾಗಿ, ಬಿಳಿಯರಿಗಾಗಿ ಕಾಯುತ್ತಾ ಓದಬೇಡಿ. 1958ರ ಈ ಪುಸ್ತಕದ ಮೊದಲ ಭಾಗದ 13 ಅಧ್ಯಾಯಗಳಲ್ಲಿ ಪಾದ್ರಿಗಳು ಬರುವುದೇ ಇಲ್ಲ. ಹುಡುಗರು ಅದನ್ನು ಬರೀ ಹಿನ್ನೆಲೆ ಅಂದುಕೊಂಡು ಹಾರಿಸಿಬಿಡುತ್ತಾರೆ. ಶುರುವಿನಲ್ಲೇ ಒಕೋಯೆ ಎಂಬವನು ಕೊಟ್ಟ ಸಾಲ ವಾಪಸ್ ಕೇಳಲು ಕಥಾನಾಯಕ ಒಕೊಂಕ್ವೊನ ಅಪ್ಪ ಉನೋಕನ ಮನೆಗೆ ಬರುತ್ತಾನೆ. ಬಂದವನೇ ದುಡ್ಡಿನ ಮಾತೆತ್ತುವ ಹಾಗಿಲ್ಲ. ಕೋಲಾ ಕಾಯಿ ಒಡೆದು ಹಂಚಿ ತಿನ್ನಬೇಕು, ಊರ ಸುದ್ದಿ ಮುಗಿಯಬೇಕು, ಆಮೇಲೆ ಗಾದೆಗಳಲ್ಲಿ ಸುತ್ತಿ ಬಳಸಿ 200 ಕವಡೆ ಕೇಳಬೇಕು. ಉನೋಕ ನಕ್ಕು ಗೋಡೆ ತೋರಿಸುತ್ತಾನೆ. ಅಲ್ಲಿ ಅವನು ಊರವರಿಗೆ ಕೊಡಬೇಕಾದ ಸಾಲಗಳ ಸೀಮೆಸುಣ್ಣದ ಗೀಟುಗಳು, ಒಂದೊಂದಕ್ಕೆ 100 ಕವಡೆ ಲೆಕ್ಕ. ಮೊದಲು ದೊಡ್ಡ ಸಾಲ ತೀರಿಸುತ್ತೇನೆ ಎನ್ನುತ್ತಾನೆ!

ಶ್ರೀನಿವಾಸಪುರದ ಕಡೆಯ, ಮನೆಯಲ್ಲಿ ತೆಲುಗು ಮಾತಾಡುವ ಹುಡುಗಿಯೊಬ್ಬಳು ಆಗ ಎದ್ದು, “ಸಾರ್, ನಮ್ಮಜ್ಜೀನೂ ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕೋರು” ಅಂದಳು. ಪಕ್ಕದಲ್ಲಿ ಕೆ.ಜಿ.ಎಫ್.ನ ತಮಿಳು ಹುಡುಗಿ, ಹಿಂದೆ ಉರ್ದು ಮನೆಮಾತಿನವರು. ಎಲ್ಲರ ಮನೆಯ ಗೋಡೆಯೂ ಮಾತಿಗೆ ಬಂತು.

ಆದರೆ ‘ನಮ್ಮ ಹಾಗೇ ಇದ್ದಾರೆ’ ಅನ್ನುವಲ್ಲಿಗೇ ನಿಲ್ಲಬೇಡಿ. ಆ ಊರಲ್ಲಿ ಅವಳಿ ಮಕ್ಕಳನ್ನು ಕಾಡಿಗೆ ಎಸೆಯುತ್ತಾರೆ. ನೆಕ ಎಂಬ ಹೆಂಗಸು ನಾಲ್ಕು ಸಲ ಅವಳಿ ಹೆತ್ತು, ನಾಲ್ಕೂ ಸಲ ಕಳೆದುಕೊಂಡವಳು. ಐದನೇ ಬಸಿರಲ್ಲಿ ಚರ್ಚಿಗೆ ಓಡಿಹೋಗುತ್ತಾಳೆ. ಆಮೇಲೆ ‘ಒಸು’ಗಳು, ಅಂದರೆ ದೇವರಿಗೆ ಬಿಟ್ಟು ಊರು ದೂರವಿಟ್ಟ ಜನ, ಬರುತ್ತಾರೆ. ಅವರು ಊರಿನವರನ್ನು ಮದುವೆಯಾಗುವಂತಿಲ್ಲ, ಸಭೆಗೆ ಬರುವಂತಿಲ್ಲ, ತಲೆಗೂದಲು ಕತ್ತರಿಸುವಂತಿಲ್ಲ. ಅವರನ್ನು ಚರ್ಚಿನೊಳಗೆ ಬಿಡಬಾರದೆಂದು ತಕರಾರು ತೆಗೆಯುವವರು ಆಗಷ್ಟೇ ಮತಾಂತರವಾದ ಊರಿನವರೇ. ಈ ಅಧ್ಯಾಯ ಓದುವಾಗ ನನ್ನ ಕ್ಲಾಸು ಪ್ರತಿ ವರ್ಷವೂ ಸ್ತಬ್ಧವಾಗುತ್ತದೆ. ಊರು-ಕೇರಿ ಎಂದರೇನೆಂದು ನಮ್ಮ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಅಚಿಬೆ ವಸಾಹತುಶಾಹಿಯ ಪರ ಅಂತ ಇದರರ್ಥವಲ್ಲ. ಕೊನೆಯ ಪುಟ ನೋಡಿ: ಇಷ್ಟುದ್ದ ನಾವು ಓದಿದ ಒಕೊಂಕ್ವೊನ ಬಾಳಿಗೆ ತನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಸಾಕು ಎಂದು ಬ್ರಿಟಿಷ್ ಅಧಿಕಾರಿ ಲೆಕ್ಕ ಹಾಕುತ್ತಿರುತ್ತಾನೆ. ಓದಿ ಮುಗಿಸಿದಾಗ ಮೈ ಉರಿಯುತ್ತದೆ. ಆದರೂ ಬಿಳಿಯರಿಗೆ ಬಾಗಿಲು ತೆರೆದವರಲ್ಲಿ ಒಳಗೆ ನೊಂದವರೂ ಇದ್ದರು ಎಂಬುದನ್ನು ಅಚಿಬೆ ಮುಚ್ಚಿಡುವುದಿಲ್ಲ.

ಬಿಡುವಿದ್ದರೆ ಜೊತೆಗೆ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ‘ಚಿಕವೀರರಾಜೇಂದ್ರ’ವನ್ನೂ ಓದಿ. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋದ ಕಥೆ. ಅಲ್ಲೂ ರಾಜನ ಕ್ರೌರ್ಯಕ್ಕೆ ಬೇಸತ್ತ ಅವನವರೇ ಇಂಗ್ಲಿಷರ ಕಡೆ ನೋಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಫ್ರಿಕಾ ದೂರ ಅನಿಸುವುದಿಲ್ಲ.

ಉತ್ತರ ಬರೆಯುವಾಗ ಅಧಿಕಾರಿಯಿಂದ ಶುರು ಮಾಡಬೇಡಿ, ನೆಕಳಿಂದ ಶುರು ಮಾಡಿ. ಅವಳು ಯಾಕೆ ಓಡಿದಳು, ಅವಳು ಹೋದಾಗ ಊರು ಏನಂದಿತು. ಅಷ್ಟಕ್ಕೇ ಎರಡು ಪುಟ ತುಂಬುತ್ತದೆ.