ಹಡಗು ನಿಲ್ಲುವ ಎಂಟು ಗಂಟೆಯಲ್ಲಿ ಒಲಿಂಪಿಯಾ

ಪ್ರಶ್ನೆ: ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಕ್ರೂಸ್ ಹೊರಟಿದ್ದೇನೆ. ಗ್ರೀಸ್‌ನ ಕಟಾಕೊಲೊದಲ್ಲಿ ಹಡಗು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ನಿಲ್ಲುತ್ತದಂತೆ. ಪ್ರಾಚೀನ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾಗೆ ಹೋಗಿಬರಬಹುದಾ? ಅಪ್ಪನಿಗೆ ಮಂಡಿನೋವು. ಹಡಗಿನವರ ಟೂರ್ ತುಂಬಾ ದುಬಾರಿ.
– ಓದುಗರು, ಮೈಸೂರು

ಉತ್ತರ: ಧಾರಾಳವಾಗಿ ಹೋಗಿ. ರಸ್ತೆಯಲ್ಲಿ ಮುಕ್ಕಾಲು ಗಂಟೆ ಅಷ್ಟೆ. ಬಂದರಿನ ಹೊರಗೇ ಟ್ಯಾಕ್ಸಿ ಸಿಗುತ್ತದೆ, ಹೋಗಿ ಬರುವುದಕ್ಕೂ ಅಲ್ಲಿ ಕಾಯುವುದಕ್ಕೂ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ. ಪುಟ್ಟ ರೈಲೂ ಇದೆ, ಆದರೆ ಆ ದಿನ ಓಡುತ್ತದಾ ಅಂತ ಕೇಳಿಕೊಂಡೇ ನಂಬಿ. ಒಂದು ವಿಷಯ ಮಾತ್ರ ನೆನಪಿರಲಿ: ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ.

ಹಂಪಿಯ ಥರ ಎದ್ದು ನಿಂತ ಗುಡಿಗಳನ್ನು ನಿರೀಕ್ಷಿಸಬೇಡಿ. ಗ್ರೀಕರ ದೇವರಾಜ ಜೀಯಸ್‌ನ ದೇವಾಲಯದ ಕಂಬಗಳು ಕ್ರಿ.ಶ. 6ನೇ ಶತಮಾನದ ಭೂಕಂಪಕ್ಕೆ ಬಿದ್ದವು, ಬೀಸುಕಲ್ಲುಗಳನ್ನು ಸಾಲಾಗಿ ಉರುಳಿಸಿದ ಹಾಗೆ ಈಗಲೂ ಅಲ್ಲೇ ಬಿದ್ದಿವೆ. 2004ರಲ್ಲಿ ಒಂದೇ ಒಂದು ಕಂಬವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅದರ ಬುಡದಲ್ಲಿ ನಿಂತಾಗಲೇ ಗುಡಿ ಎಷ್ಟು ದೊಡ್ಡದಿತ್ತು ಅಂತ ಗೊತ್ತಾಗುವುದು. ಒಳಗಿದ್ದ, ಗ್ರೀಕ್ ಶಿಲ್ಪಿ ಫಿಡಿಯಾಸ್ ಮಾಡಿದ ಚಿನ್ನ-ದಂತದ ಜೀಯಸ್ ಮೂರ್ತಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು, ಈಗ ಇಲ್ಲ. ನನಗೆ ಅದಕ್ಕಿಂತ ಇಷ್ಟವಾಗುವುದು ಪಕ್ಕದಲ್ಲಿರುವ ಫಿಡಿಯಾಸ್‌ನ ಕಾರ್ಯಾಗಾರ. ಅಲ್ಲಿ ಅಗೆದಾಗ ಮಣ್ಣಿನ ಅಚ್ಚುಗಳು ಸಿಕ್ಕವು, ಜೊತೆಗೆ ‘ನಾನು ಫಿಡಿಯಾಸ್‌ನದು’ ಅಂತ ಗೀಚಿದ ಒಂದು ಲೋಟ ಕೂಡ. ನಮ್ಮ ಮನೆಗಳಲ್ಲಿ ಸ್ಟೀಲ್ ಲೋಟಕ್ಕೆ ಹೆಸರು ಕೆತ್ತಿಸುತ್ತಿದ್ದರಲ್ಲ, ಹಾಗೆ! ಲೋಟ ಮ್ಯೂಸಿಯಂನಲ್ಲಿದೆ, ಬಿಡಬೇಡಿ.

ಕಮಾನಿನ ದಾರಿ ದಾಟಿದರೆ ಕ್ರೀಡಾಂಗಣ. ಓಟದ ಉದ್ದ ಸುಮಾರು 192 ಮೀಟರ್, ಕಲ್ಲಿನ ಆರಂಭದ ಗೆರೆ ಹಾಗೇ ಇದೆ. ಎಲ್ಲರೂ ಅಲ್ಲಿ ಓಡುತ್ತಾರೆ, ನೀವೂ ಓಡಿ, ಅಪ್ಪ ಹುಲ್ಲಿನ ದಿಬ್ಬದ ಮೇಲೆ ಕೂತು ನೋಡಲಿ. ಜಾಗ ಬಹುತೇಕ ಸಮತಟ್ಟು, ಅಲ್ಲಲ್ಲಿ ಮರದ ನೆರಳೂ ಇದೆ. ಆದರೆ ದಾರಿ ಜಲ್ಲಿ-ಮಣ್ಣಿನದು, ಊರುಗೋಲು ಇರಲಿ. ಜೂನ್ ಬಿಸಿಲು ಜೋರು, ಇಳಿದ ತಕ್ಷಣ ಹೊರಡಿ.

ಒಂದು ಗಂಟೆಯ ಹೊತ್ತಿಗೆ ಕಟಾಕೊಲೊಗೆ ವಾಪಸ್ ಬಂದುಬಿಡಿ. ಸಣ್ಣ ಊರು, ಅಂಗಡಿಗಳ ಒಂದು ಬೀದಿ, ಅದರ ಹಿಂದೆಯೇ ನೀರಿನ ಅಂಚಿಗೆ ಮೇಜು ಹಾಕಿದ ಹೋಟೆಲುಗಳು. ಅಲ್ಲಿ ಮೀನೇ ಜಾಸ್ತಿ. ಸಸ್ಯಾಹಾರಿಗಳಾದರೆ ಗೆಮಿಸ್ಟಾ ಕೇಳಿ, ಟೊಮೆಟೊ-ದಪ್ಪಮೆಣಸಿನಕಾಯಿ ಒಳಗೆ ಅನ್ನ ತುಂಬಿ ಬೇಯಿಸಿರುತ್ತಾರೆ, ಕೆಲವರು ಕೈಮಾ ಸೇರಿಸುವುದರಿಂದ ವಿಚಾರಿಸಿಕೊಳ್ಳಿ. ಹಡಗು ಕಣ್ಣೆದುರೇ ನಿಂತಿರುತ್ತದೆ, ಸುಮ್ನೆ ಕೂತು ಊಟ ಮಾಡಿ.