ಮಾನಸಗಂಗೋತ್ರಿಯ ಸುತ್ತ ಬರಲಿರುವ ಕಾರ್ಯಕ್ರಮಗಳಲ್ಲಿ ಯಾವುದಕ್ಕೆ ಹೋದರೆ ಪ್ರಯೋಜನ?

ಮಂಡ್ಯದಿಂದ ದಿನವೂ ರೈಲಿನಲ್ಲಿ ಓಡಾಡುತ್ತಾ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿರುವ ನೀವು, ದಸರೆಯಿಂದ ಹಿಡಿದು ಫೆಬ್ರುವರಿಯವರೆಗೆ ಕ್ಯಾಂಪಸ್ಸಿನ ಸುತ್ತ ನಡೆಯಲಿರುವ ಸಂಕಿರಣ, ಉಪನ್ಯಾಸ, ನಾಟಕಗಳಲ್ಲಿ ಪ್ರಮಾಣಪತ್ರ ಕೊಡುವಂಥವು ಯಾವುವು, ಮುಂದೆ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ನೆಟ್‌ಗೆ ಮತ್ತು ಪಿಎಚ್.ಡಿ.ಗೆ ಉಪಯೋಗಕ್ಕೆ ಬರುವಂಥವು ಯಾವುವು ಎಂದು ಕೇಳಿದ್ದೀರಿ. ಪ್ರಮಾಣಪತ್ರವನ್ನು ಮೊದಲಿಗೆ ಇಟ್ಟುಕೊಂಡು, ಇದೇ ಪ್ರಶ್ನೆಯನ್ನು ನಾನೂ ಎಲ್ಲರ ಹತ್ತಿರ ಕೇಳಿಕೊಂಡು ತಿರುಗಿದವನು.

ನಾನು ಮಳವಳ್ಳಿ ಕಡೆಯವನು. ಗಂಗೋತ್ರಿಗೆ ಸೇರಿದ ಹೊಸದರಲ್ಲಿ ಹಾಸ್ಟೆಲ್ಲಿನ ಹಿರಿಯರೊಬ್ಬರು ತಮ್ಮ ಫೈಲನ್ನು ಬಿಚ್ಚಿ ತೋರಿಸಿದ್ದರು. ಪ್ಲಾಸ್ಟಿಕ್ ಕವರುಗಳೊಳಗೆ ಒಂದರ ಹಿಂದೊಂದು ಪ್ರಮಾಣಪತ್ರ. ಎಲ್ಲಕ್ಕೂ ಬಂಗಾರದ ಬಣ್ಣದ ಅಂಚು, ಕೆಳಗೆ ಪ್ರಾಂಶುಪಾಲರು ಮತ್ತು ಸಂಚಾಲಕರ ಸಹಿ. 2010ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಾವಳಿಯಲ್ಲಿ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಎಪಿಐ ಪದ್ಧತಿ ಬಂದ ಮೇಲೆ ರಾಷ್ಟ್ರೀಯ ಸಂಕಿರಣಗಳು ಊರೂರಿನ ಕಾಲೇಜುಗಳಲ್ಲಿ ನಡೆಯತೊಡಗಿದ್ದ ಕಾಲ ಅದು. ಅಧ್ಯಾಪಕರ ಲೆಕ್ಕಾಚಾರವು ವಿದ್ಯಾರ್ಥಿಗಳಾದ ನಮಗೂ ಅನ್ವಯಿಸುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ, ಅನ್ವಯಿಸುವುದಿಲ್ಲ ಎಂದೂ ಯಾರೂ ಹೇಳಲಿಲ್ಲ. ಅಂಥ ಫೈಲು ನನಗೂ ಬೇಕು ಎಂದು ನಾನು ನಿಶ್ಚಯಿಸಿಕೊಂಡೆ. ಬೆಳಿಗ್ಗೆ ನೋಂದಣಿ ಮೇಜಿನ ಮುಂದೆ ನಿಂತು ಶುಲ್ಕ ಕಟ್ಟಿದರೆ ಒಂದು ಚೀಲ, ಅದರಲ್ಲಿ ಪ್ಯಾಡು, ಪೆನ್ನು, ಊಟದ ಕೂಪನ್ನು. ಉದ್ಘಾಟನೆ ತಡವಾಗಿ ಮೊದಲ ಗೋಷ್ಠಿ ಊಟದ ಹೊತ್ತಿಗೆ ಜಾರುತ್ತಿತ್ತು. ಊಟವಾದ ಮೇಲೆ ಪ್ರಬಂಧ ಮಂಡಿಸುವವರಿಗೆ ತಲಾ ಐದು ನಿಮಿಷ ಸಿಕ್ಕರೆ ಹೆಚ್ಚು. ಸಂಜೆ ಪ್ರಮಾಣಪತ್ರ ಕೈಗೆ ಬಂದರೆ ದಿನ ಸಾರ್ಥಕವಾಯಿತು ಎಂದುಕೊಂಡು ಬರುತ್ತಿದ್ದೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಜಾನಪದದ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು ತರಗತಿಗೆ ಬಂದು, ಶನಿವಾರ ತಂಬೂರಿ ಹಿಡಿದು ಮಂಟೇಸ್ವಾಮಿ ಎಂಬ ಸಂತನ ಕಥೆ ಹಾಡುವ ನೀಲಗಾರರೊಬ್ಬರು ವಿಭಾಗಕ್ಕೆ ಬರುತ್ತಾರೆ, ಮಂಟೇಸ್ವಾಮಿ ಕಾವ್ಯದಲ್ಲಿ ಶಿಷ್ಯ ಸಿದ್ಧಪ್ಪಾಜಿಯ ಸಾಲನ್ನು, ಎಂದರೆ ಆತನ ಕಥಾಭಾಗವನ್ನು, ಹಾಡುತ್ತಾರೆ, ನಡುನಡುವೆ ನಿಲ್ಲಿಸಿ ನಿಮ್ಮ ಪ್ರಶ್ನೆಗಳಿಗೆ ಉತ್ತರವನ್ನೂ ಹೇಳುತ್ತಾರೆ ಎಂದು ತಿಳಿಸಿದರು. ಅದೇ ಶನಿವಾರ ನಗರದ ಕಾಲೇಜೊಂದರಲ್ಲಿ ರಾಷ್ಟ್ರೀಯ ಸಂಕಿರಣವಿತ್ತು. ನಾನು ಸಂಕಿರಣಕ್ಕೆ ಹೋದೆ.

ಹೀಗೇಕೆ ಮಾಡಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೂ ಇದೇ ತಪ್ಪು ಕುಳಿತಿದೆ. ಬರಲಿದ್ದ ಗಾಯಕರು ನಮ್ಮ ತಾಲ್ಲೂಕಿನವರೇ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆಗೆ ನಡೆದುಕೊಳ್ಳುವ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಹರಕೆ ತೀರಿಸುವವರ ಮನೆಯ ಜಗಲಿಯ ಮೇಲೆ ಇವರು ತಂಬೂರಿ ಹಿಡಿದು ಕುಳಿತು, ಪಕ್ಕದಲ್ಲಿ ಗಗ್ಗರ ನುಡಿಸುವವರು, ಹಿಂದಿನಿಂದ ಸೊಲ್ಲು, ಎಂದರೆ ಪಲ್ಲವಿ, ಹಿಡಿಯುವವರು ಇದ್ದು ಇಡೀ ರಾತ್ರಿ ಕಥೆ ಸಾಗುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದ್ದೆ. ಆದ್ದರಿಂದ, ಇವರು ಎಲ್ಲಿ ಹೋಗುತ್ತಾರೆ, ಊರಿಗೆ ಹೋದಾಗ ಕೇಳಿದರಾಯಿತು, ಸಂಕಿರಣ ಮಾತ್ರ ಮತ್ತೆ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ಎರಡು ಸಂಗತಿಗಳು ನನಗೆ ಹೊಳೆಯಲಿಲ್ಲ. ಒಂದು, ಸಂಕಿರಣ ಮತ್ತೆ ಮತ್ತೆ ಬರುತ್ತದೆ, ಹಾಡುವವರ ಆಯುಸ್ಸು ಹಾಗಲ್ಲ. ಇನ್ನೊಂದು ಇದಕ್ಕಿಂತ ಮುಖ್ಯವಾದದ್ದು: ಊರಿನ ಜಗಲಿಯ ಮೇಲೆ ಅವರು ಹಾಡುವುದು ಹರಕೆಗೆ. ಅಲ್ಲಿ ಕಥೆಯನ್ನು ತಡೆದು, ಸ್ವಾಮಿ, ಈ ಭಾಗವನ್ನು ಇಷ್ಟು ಬೆಳೆಸಿದ್ದು ಏಕೆ, ಹೋದ ಸಲ ಬೇರೆ ರೀತಿ ಹಾಡಿದಿರಲ್ಲ ಎಂದು ಕೇಳುವುದು ಯಾರಿಗೂ ಒಪ್ಪುವ ಮಾತಲ್ಲ. ಕೇಳುವವರು ಭಕ್ತರು, ಹಾಡುವವರು ದೀಕ್ಷೆ ಪಡೆದ ಗುಡ್ಡರು. ವಿಭಾಗದ ಕೊಠಡಿಗೆ ಬಂದಾಗ ಮಾತ್ರ ಆ ಕಟ್ಟು ಸಡಿಲವಾಗುತ್ತದೆ. ತಂಬೂರಿಯನ್ನು ಪಕ್ಕಕ್ಕಿಟ್ಟು ತಾವೇನು ಮಾಡುತ್ತಿದ್ದೇವೆ ಎಂದು ಅವರೇ ವಿವರಿಸಲು ಒಪ್ಪಿ ಬಂದಿರುತ್ತಾರೆ. ಕ್ಯಾಂಪಸ್ಸಿನ ಕಾರ್ಯಕ್ರಮಕ್ಕೆ ಇರುವ ಬೆಲೆ ಇದೇ. ಹಾಡು ಊರಿನಲ್ಲಿಯೂ ಸಿಗುತ್ತದೆ, ಹಾಡಿನ ಬಗ್ಗೆ ಹಾಡುವವರನ್ನೇ ಕೇಳುವ ಅವಕಾಶ ಅಲ್ಲಿ ಸಿಗುವುದು ಕಷ್ಟ.

ಅದರ ಬೆಲೆ ಗೊತ್ತಾಗಲು ಕೆಲವು ವರ್ಷ ಬೇಕಾಯಿತು. ಪಿಎಚ್.ಡಿ.ಗೆ ನಾನು ತಂಬೂರಿ ಕಥನ ಪರಂಪರೆಯನ್ನೇ ಆರಿಸಿಕೊಂಡೆ. ಮಂಟೇಸ್ವಾಮಿಯು ಶಿಷ್ಯನಾದ ಸಿದ್ಧಪ್ಪಾಜಿಯನ್ನು ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸುವ ಪ್ರಸಂಗ ನಿಮಗೆ ಗೊತ್ತಿರಬೇಕು. ಪಾಂಚಾಳರು ಕೊಡುವ ಹಿಂಸೆಯನ್ನೆಲ್ಲ ಸಹಿಸಿ ಆತ ಪವಾಡ ಗೆಲ್ಲುತ್ತಾನೆ. ಹಲಗೂರು ಕಥೆಯೊಳಗಿನ ಊರು ಮಾತ್ರವಲ್ಲ, ನಮ್ಮ ತಾಲ್ಲೂಕಿನಲ್ಲಿ ಬಸ್ಸು ನಿಲ್ಲುವ ಊರು. ಹೀಗಿರುವಾಗ ಹಲಗೂರಿನ ಸುತ್ತಮುತ್ತ ಈ ಭಾಗವನ್ನು ಹೇಗೆ ಹಾಡುತ್ತಾರೆ, ದೂರದ ಊರುಗಳಲ್ಲಿ ಹೇಗೆ ಹಾಡುತ್ತಾರೆ ಎಂಬುದು ನನ್ನ ಒಂದು ಅಧ್ಯಾಯದ ಪ್ರಶ್ನೆಯಾಗಿತ್ತು. ಅಚ್ಚಾಗಿರುವ ಪಠ್ಯಗಳು ಇದಕ್ಕೆ ಉತ್ತರ ಕೊಡಲಾರವು, ಏಕೆಂದರೆ ಅಚ್ಚಿನಲ್ಲಿ ಇರುವುದು ಒಬ್ಬ ಗಾಯಕ ಒಂದು ಸಂದರ್ಭದಲ್ಲಿ ಹಾಡಿದ್ದು. ಆ ಶನಿವಾರ ವಿಭಾಗಕ್ಕೆ ಹೋಗಿದ್ದ ಸಹಪಾಠಿಯೊಬ್ಬಳು, ಅಂದು ಆ ಹಿರಿಯರು ಇದನ್ನೇ ವಿವರಿಸಿದ್ದರು, ಎದುರಿಗೆ ಯಾರು ಕುಳಿತಿದ್ದಾರೆ ಎಂಬುದನ್ನು ನೋಡಿಕೊಂಡು ಎಲ್ಲಿ ಮೊಟಕು ಮಾಡುತ್ತೇವೆ, ಎಲ್ಲಿ ಹಿಗ್ಗಿಸುತ್ತೇವೆ ಎಂದು ಹಾಡಿಯೇ ತೋರಿಸಿದ್ದರು ಎಂದು ನೆನಪಿಸಿಕೊಂಡಳು. ಅವಳ ನೋಟ್‌ಬುಕ್ಕಿನಲ್ಲಿ ಅರ್ಧ ಪುಟದ ಟಿಪ್ಪಣಿ ಇತ್ತು. ಮೊಬೈಲಿನಲ್ಲಿ ಯಾರೋ ಹಿಡಿದಿದ್ದ ತುಣುಕಿನಲ್ಲಿ ಆರಂಭದ ಸ್ತುತಿ ಮಾತ್ರ ಇತ್ತು.

ನಾನು ಅವರ ಊರಿಗೆ ಹೋದಾಗ ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ತಂಬೂರಿ ಗೋಡೆಯ ಮೊಳೆಗೆ ತೂಗುಬಿದ್ದಿತ್ತು, ತಂತಿಯೊಂದು ಸಡಿಲವಾಗಿ ಕೆಳಗೆ ಇಳಿದಿತ್ತು. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದರು. ಹಿಮ್ಮೇಳದಲ್ಲಿದ್ದ ಮುದುಕರೊಬ್ಬರು ಸಿಕ್ಕರು, ಆದರೆ ಅವರಿಗೆ ಬರುತ್ತಿದ್ದುದು ಸೊಲ್ಲು ಮಾತ್ರ. ಕಥೆಯನ್ನು ಮುಂದಕ್ಕೆ ಒಯ್ಯುವವನು ತಂಬೂರಿ ಹಿಡಿದವನು, ನಾವು ಅವನ ಹಿಂದೆ ಹೋಗುವವರು ಎಂದು ಅವರು ಹೇಳಿದರು. ಬೇರೆ ನೀಲಗಾರರನ್ನು ಹುಡುಕಿದೆ, ಇದೇ ಪರಂಪರೆಯ ಕಪ್ಪಡಿಯ ಜಾತ್ರೆಗೂ ಹೋದೆ. ಹಾಡುವವರು ಇದ್ದರು, ಆದರೆ ಹಲಗೂರಿನ ಮಗ್ಗುಲಲ್ಲೇ ಹಾಡಿ ಬೆಳೆದು, ತನ್ನ ಹಾಡಿನ ಬಗ್ಗೆ ಮಾತನಾಡಲೂ ಒಪ್ಪುವ ಮತ್ತೊಬ್ಬರು ನನಗೆ ದೊರೆಯಲಿಲ್ಲ. ಕೊನೆಗೆ ಮಾರ್ಗದರ್ಶಕರ ಸೂಚನೆಯಂತೆ ಆ ಅಧ್ಯಾಯವನ್ನೇ ಕೈಬಿಟ್ಟೆ. ಪದವಿ ಬಂತು, ಈಗ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ನನ್ನ ಪ್ರಬಂಧದಲ್ಲಿ ಇರಬೇಕಾಗಿದ್ದ ಅತ್ಯುತ್ತಮ ಭಾಗ ಅದರಲ್ಲಿ ಇಲ್ಲ. ಅಂದಿನ ಸಂಕಿರಣದ ಪ್ರಮಾಣಪತ್ರ ಇದೆ. ಅದರ ವಿಷಯ ಏನಾಗಿತ್ತು ಎಂಬುದು ಪ್ರಮಾಣಪತ್ರವನ್ನು ಓದಿದರೆ ಮಾತ್ರ ನನಗೆ ತಿಳಿಯುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೆಟ್ ಮತ್ತು ಅದೇ ಬಗೆಯ ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆಗಳಲ್ಲಿ ಉತ್ತೀರ್ಣರಾಗುವುದು ಪರೀಕ್ಷೆಯ ಅಂಕದಿಂದ. ಸಹಾಯಕ ಪ್ರಾಧ್ಯಾಪಕರ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸಲು 2018ರ ಯುಜಿಸಿ ನಿಯಮಾವಳಿ ಕೊಟ್ಟಿರುವ ಕೋಷ್ಟಕವನ್ನು ಒಮ್ಮೆ ಓದಿ ನೋಡಿ: ಪದವಿ, ಸ್ನಾತಕೋತ್ತರ ಪದವಿ, ಪಿಎಚ್.ಡಿ., ನೆಟ್, ಸಂಶೋಧನ ಪ್ರಕಟಣೆ, ಬೋಧನಾನುಭವ, ಪ್ರಶಸ್ತಿ ಇವುಗಳಿಗೆ ಅಂಕಗಳಿವೆ, ಸಂಕಿರಣದಲ್ಲಿ ಕುಳಿತು ಎದ್ದು ಬಂದದ್ದಕ್ಕೆ ಅಂಕವಿಲ್ಲ. ನನ್ನ ಫೈಲನ್ನು ಯಾವ ಸಂದರ್ಶನದಲ್ಲಿಯೂ ಯಾರೂ ಪುಟ ತಿರುಗಿಸಿ ನೋಡಲಿಲ್ಲ. ಕೇಳಿದ್ದು, ನೀವು ಯಾವ ವಿಷಯದಲ್ಲಿ ಕೆಲಸ ಮಾಡಿದ್ದೀರಿ, ಆಕರಗಳನ್ನು ಎಲ್ಲಿಂದ ಸಂಗ್ರಹಿಸಿದಿರಿ ಎಂದು. ಸಂಕಿರಣಕ್ಕೆ ಹೋಗಲೇಬೇಡಿ ಎನ್ನುತ್ತಿಲ್ಲ. ಆಹ್ವಾನ ಪತ್ರಿಕೆಯಲ್ಲಿ ನೀವು ಓದಿರುವ ವಿದ್ವಾಂಸರ ಹೆಸರು ಇದ್ದರೆ ಹೋಗಿ, ಅವರ ಗೋಷ್ಠಿ ಮುಗಿಯುವವರೆಗೆ ಕುಳಿತು ಒಂದು ಪ್ರಶ್ನೆಯನ್ನಾದರೂ ಕೇಳಿ. ಅಂಥ ಹೆಸರಿಲ್ಲದಿದ್ದರೆ ಗ್ರಂಥಾಲಯದಲ್ಲಿ ಕುಳಿತುಕೊಳ್ಳಿ.

ಇನ್ನು ಬರಲಿರುವ ತಿಂಗಳುಗಳ ವಿಚಾರ. ದಸರೆಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ನಾನಾ ಜಿಲ್ಲೆಗಳ ಕಾಲೇಜು ತಂಡಗಳ ಕುಣಿತ, ಗದ್ದಲವೂ ಹೆಚ್ಚು. ನಿಮ್ಮ ಸ್ನೇಹಿತರು ವೇದಿಕೆಯ ಮೇಲೆ ಇದ್ದರೆ ಹೋಗಿ ಚಪ್ಪಾಳೆ ತಟ್ಟಿ ಬನ್ನಿ, ಅದರಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ. ದಸರೆಯಲ್ಲಿ ನಿಮ್ಮಂಥವರು ಬಿಡಬಾರದ್ದು ಬೇರೆ ಇದೆ. ವಿಜಯದಶಮಿಯ ಮೆರವಣಿಗೆಗಾಗಿ ರಾಜ್ಯದ ಮೂಲೆಮೂಲೆಯ ಜಾನಪದ ಕಲಾವಿದರು ಮೈಸೂರಿಗೆ ಬಂದಿರುತ್ತಾರೆ. ಮೆರವಣಿಗೆಯಲ್ಲಿ ಅವರು ಕಣ್ಣ ಮುಂದೆ ಹಾದು ಹೋಗಿಬಿಡುತ್ತಾರೆ, ಆಗ ಮಾತಿಗೆ ಎಡೆಯಿಲ್ಲ. ಹಿಂದಿನ ದಿನವೋ ಮರುದಿನವೋ ಅವರು ಎಲ್ಲಿ ಉಳಿದುಕೊಂಡಿದ್ದಾರೆ ಎಂದು ವಿಚಾರಿಸಿ ಅಲ್ಲಿಗೇ ಹೋಗಿ ಮಾತನಾಡಿ. ರಜೆಯೆಂದು ಊರಿಗೆ ಹೊರಟುಹೋಗುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ರಂಗಾಯಣದ ಬಹುರೂಪಿ ನಾಟಕೋತ್ಸವವನ್ನು ಮಾತ್ರ ಖಂಡಿತ ತಪ್ಪಿಸಬೇಡಿ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ಈ ರಂಗಸಂಸ್ಥೆ, ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲಿದೆ; ನಿಮ್ಮ ವಿಭಾಗದಿಂದ ನಡೆದೇ ಹೋಗಬಹುದು. ಎಲ್ಲರೂ ಅಲ್ಲಿನ ಭೂಮಿಗೀತ, ವನರಂಗ ರಂಗಮಂದಿರಗಳ ನಾಟಕದ ಟಿಕೆಟ್ಟಿಗಾಗಿ ಹಾತೊರೆಯುತ್ತಾರೆ. ನಾನು ಹೇಳುವುದು, ಕಿಂದರಿಜೋಗಿ ವೇದಿಕೆಯಲ್ಲಿ ಸಂಜೆಯ ಹೊತ್ತು ಜಾನಪದ ತಂಡಗಳು ಬರುತ್ತವಲ್ಲ, ಅಲ್ಲಿಗೆ ಮೊದಲು ಹೋಗಿ. ಕಾರ್ಯಕ್ರಮ ಮುಗಿಸಿ ವೇಷ ಕಳಚುತ್ತಾ ಟೀ ಕುಡಿಯುವ ಹೊತ್ತಿನಲ್ಲಿ ಆ ಕಲಾವಿದರು ನಿಮ್ಮೊಡನೆ ಮನಸಾರೆ ಮಾತನಾಡುತ್ತಾರೆ. ರಾತ್ರಿಯ ನಾಟಕ ನೋಡಿದರೆ ಮಂಡ್ಯದ ರೈಲು ತಪ್ಪಬಹುದು. ಅಂಥ ದಿನಗಳಿಗೆಂದು ಹಾಸ್ಟೆಲ್ಲಿನ ಗೆಳೆಯರ ಕೊಠಡಿಯೊಂದನ್ನು ಈಗಿನಿಂದಲೇ ಗೊತ್ತುಮಾಡಿಕೊಳ್ಳಿ.

ಡಿಸೆಂಬರ್ 29 ಕುವೆಂಪು ಅವರ ಜನ್ಮದಿನ. ಈ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟ ಕುಲಪತಿ ಅವರೇ ಆದ್ದರಿಂದ ಆ ದಿನದ ಉಪನ್ಯಾಸಕ್ಕೆ ಕನ್ನಡ ವಿದ್ಯಾರ್ಥಿಗಳು ಹೋಗಬೇಕೆಂದು ನಾನು ಬೇರೆ ಹೇಳಬೇಕಾಗಿಲ್ಲ. ಫೆಬ್ರುವರಿ 21ರ ಮಾತೃಭಾಷಾ ದಿನದ ಹೊತ್ತಿಗೆ ಪಕ್ಕದ ಭಾರತೀಯ ಭಾಷಾ ಸಂಸ್ಥಾನದ ಕಡೆಗೂ ಹೋಗಿ ಬನ್ನಿ. 1969ರಲ್ಲಿ ಆರಂಭವಾದ, ನಮ್ಮ ಮಗ್ಗುಲಲ್ಲೇ ಇರುವ ಆ ಸಂಸ್ಥೆಯೊಳಗೆ ನಮ್ಮ ಎಂ.ಎ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಾಲಿಡದೆಯೇ ಓದು ಮುಗಿಸುತ್ತಾರೆ. ವಿಭಾಗಗಳಲ್ಲಿ ನಡೆಯುವ ದತ್ತಿ ಉಪನ್ಯಾಸಗಳಿಗೆ ಪ್ರಚಾರ ಇರುವುದಿಲ್ಲ, ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರೆ ಮುಗಿಯಿತು. ಕೇಳುವವರು ಕಡಿಮೆ ಇರುವುದರಿಂದಲೇ ಅಲ್ಲಿ ಉಪನ್ಯಾಸಕರ ಎದುರು ಕುಳಿತು ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ದೊರೆಯುತ್ತದೆ. ಆ ಬೋರ್ಡನ್ನೂ ಆಂದೋಲನ, ಮೈಸೂರು ಮಿತ್ರ ಪತ್ರಿಕೆಗಳಲ್ಲಿ ಬರುವ ದಿನದ ಕಾರ್ಯಕ್ರಮಗಳ ಪಟ್ಟಿಯನ್ನೂ ಬೆಳಿಗ್ಗೆ ನೋಡುವ ಅಭ್ಯಾಸವಿಟ್ಟುಕೊಂಡರೆ ಸಾಕು.

ವಿಭಾಗಕ್ಕೆ ಹಾಡುವವರು ಬರುತ್ತಾರೆ ಎಂದು ಗೊತ್ತಾದರೆ, ಅವರು ಹಾಡಲಿರುವ ಭಾಗದ ಅಚ್ಚಾದ ಪಠ್ಯವನ್ನು ಹಿಂದಿನ ರಾತ್ರಿಯೇ ಓದಿಕೊಂಡು ಹೋಗಿ, ಅವರ ಒಪ್ಪಿಗೆ ಪಡೆದು ಆರಂಭದಿಂದ ಕೊನೆಯವರೆಗೂ ಧ್ವನಿಮುದ್ರಣ ಮಾಡಿಕೊಳ್ಳಿ. ದಿನಾಂಕ, ಅವರ ಊರು, ಗುರುವಿನ ಹೆಸರು, ಹಿಮ್ಮೇಳದವರ ಹೆಸರು ಇವಿಷ್ಟನ್ನೂ ಅಲ್ಲಿಯೇ ಬರೆದುಕೊಳ್ಳಿ, ಮನೆಗೆ ಹೋದ ಮೇಲೆ ಬರೆಯೋಣ ಎಂದುಕೊಳ್ಳಬೇಡಿ. ನೀವು ಮಂಡ್ಯದವರಾದ್ದರಿಂದ ಇನ್ನೂ ಒಂದು ಮಾತು: ಪುಷ್ಯ ಮಾಸದ ಬನದ ಹುಣ್ಣಿಮೆಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ ಆರಂಭವಾಗುತ್ತದೆ, ಮೊದಲ ರಾತ್ರಿ ಬಿದಿರಿನಿಂದ ಕಟ್ಟಿದ ಚಂದ್ರಮಂಡಲವನ್ನು ಹೊತ್ತಿಸುತ್ತಾರೆ. ನೀಲಗಾರರು ಹಲವು ಊರುಗಳಿಂದ ಅಲ್ಲಿಗೆ ಬಂದು ಸೇರುತ್ತಾರೆ. ಅದೇ ವಾರ ಯಾವುದಾದರೂ ಸಂಕಿರಣದ ಆಹ್ವಾನ ನಿಮ್ಮ ಕೈಗೆ ಬಂದರೆ ಶುಲ್ಕ ಕಟ್ಟಬೇಡಿ, ಆ ಹಣವನ್ನು ಕೊಳ್ಳೇಗಾಲದ ಬಸ್ಸಿಗೆ ಇಟ್ಟುಕೊಳ್ಳಿ.