ಟರ್ಬೊ ಪೆಟ್ರೋಲ್ ಕಾರಿನ ವ್ಯಾಕ್ಯೂಮ್ ಪೈಪ್ ಕಲಬುರಗಿ ಬಿಸಿಲಿಗೆ ಬಿರುಕು ಬಿಟ್ಟಿದೆ. ಎಷ್ಟು ಎಂಎಂ ಪೈಪ್ ಹಾಕಿಸಲಿ?

ಮೊದಲು ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಅಳತೆ ನೋಡಿ. ಹಳೇ ಪೈಪ್ ನಂಬಬೇಡಿ, ಅದು ಬಿಸಿಗೆ ಹಿಗ್ಗಿರುತ್ತದೆ. ವರ್ನಿಯರ್ ಅಳತೆ ಸಾಧನದಲ್ಲಿ ನಿಪ್ಪಲ್‌ನ ಹೊರ ಅಳತೆ ತೆಗೆದು, ಪೈಪಿನ ಒಳ ಅಳತೆ ಅದಕ್ಕಿಂತ ಸ್ವಲ್ಪ ಕಮ್ಮಿ ಇರುವಂಥದ್ದನ್ನೇ ತಗೊಳ್ಳಿ. ಹಾಕುವಾಗ ಬಿಗಿ ಅನ್ನಿಸಬೇಕು.

ನಾನು ಒಮ್ಮೆ ಅಂಗಡಿಯಲ್ಲಿ ಇದ್ದದ್ದೇ ಸಾಕು ಅಂತ 4 ಎಂಎಂ ಜಾಗಕ್ಕೆ 5 ಎಂಎಂ ಪೈಪ್ ಹಾಕಿ ಟೈ ಬಿಗಿದೆ. ಹುಮನಾಬಾದ್ ರಸ್ತೆಯಲ್ಲಿ ಪೈಪ್ ಕಳಚಿತು. ಬಾನೆಟ್ ಎತ್ತಿದರೆ ಸುಸ್ ಅನ್ನೋ ಸದ್ದು, ಐಡ್ಲಿಂಗ್ ಏರಿಳಿತ. ಪುಣ್ಯಕ್ಕೆ ಅದು ಬೂಸ್ಟ್ (ಟರ್ಬೊ ಒತ್ತಡ) ತೋರಿಸುವ ಗೇಜ್‌ದು. ಬೂಸ್ಟ್ ಮಿತಿಯಲ್ಲಿಡಲು ಒತ್ತಡದಿಂದ ತೆರೆಯುವ ವೇಸ್ಟ್‌ಗೇಟಿನ ಪೈಪ್ ಹೀಗೆ ಕಳಚಿದರೆ ಬೂಸ್ಟ್ ಮಿತಿ ಮೀರುತ್ತದೆ, ಎಂಜಿನ್ನೇ ಹೋಗಬಹುದು.

ಗೇಜ್‌ಗೆ ಗಾಳಿ ಹರಿಯುವುದಿಲ್ಲ, ಒತ್ತಡದ ಸುದ್ದಿ ಮುಟ್ಟಿದರೆ ಸಾಕು. ಹಾಗಾಗಿ 3–4 ಎಂಎಂ ನಡೆಯುತ್ತದೆ. ವೇಸ್ಟ್‌ಗೇಟ್‌ಗೆ ಸಾಮಾನ್ಯವಾಗಿ 4–5. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಿನ ಒತ್ತಡ ಹೊರಬಿಡುವ ಬ್ಲೋ ಆಫ್ ವಾಲ್ವ್ ತಟ್ಟನೆ ತೆರೆಯಬೇಕಲ್ವಾ, ಅದಕ್ಕೆ 6 ಎಂಎಂ ಒಳ್ಳೆಯದು, ಪೈಪ್ ಗಿಡ್ಡ ಇರಲಿ. ಉದ್ದ ಜಾಸ್ತಿ ಆದಷ್ಟೂ ಪ್ರತಿಕ್ರಿಯೆ ತಡ.

ಪೈಪಿನ ಗೋಡೆ ದಪ್ಪ ಇರಬೇಕು. ತೆಳು ಸಿಲಿಕೋನ್ ಬೂಸ್ಟ್‌ನಲ್ಲಿ ಉಬ್ಬುತ್ತದೆ, ವ್ಯಾಕ್ಯೂಮ್‌ನಲ್ಲಿ ಚಪ್ಪಟೆ ಆಗುತ್ತದೆ. ಬಿಸಿ ತಡೆಯೋದಕ್ಕೆ ಸಿಲಿಕೋನ್ ಚೆನ್ನ, ಆದರೆ ಪೆಟ್ರೋಲ್, ಆಯಿಲ್ ತಾಗುವ ಕಡೆ ಸಾದಾ ಸಿಲಿಕೋನ್ ಬೇಡ.

ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನ ಪೈಪ್ ಮಾತ್ರ ನೀವು ಮುಟ್ಟಲೇಬೇಡಿ, ಕಂಪನಿಯದ್ದೇ ಹಾಕಿಸಿ. ಅದರ ಒನ್ ವೇ ವಾಲ್ವ್ ಸರಿಯಾದ ದಿಕ್ಕಿಗೇ ಕೂತಿದೆಯಾ ನೋಡಿಕೊಳ್ಳಿ.